ಬೀದರಿಗೆ ಎಷ್ಟು ಕಿರಾಯ? – ಗಡಿಯೂರುಗಳ ಬಸ್ ಚಾರ್ಜಿನ ಕಥೆ

ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಕನ್ನಡ ಶಾಲೆಗೆ ತಂದೆ ತಾಯಂದಿರು ಒಬ್ಬೊಬ್ಬರಾಗಿ ಬರುತ್ತಾರೆ. ಟಿ.ಸಿ. ಬೇಕು, ಮೆಮೋ ಬೇಕು ಅಂತ ನೆಪ. ನಿಜವಾಗಿ ಕೇಳಬೇಕಾದದ್ದು ಬೇರೆಯೇ ಇರುತ್ತದೆ.

"ಸರ್, ಹುಡ್ಗಿಗಿ ಬೀದರ್‌ಗಿ ಹಾಕ್ಲೇನ್ರಿ, ಇಲ್ಲೇ ಜಹೀರಾಬಾದಿನಾಗ ಹಾಕ್ಲೇನ್ರಿ?"

ಬೀದರಿಗೆ ಹೋದರೆ ಮುಂದೆಯೂ ಕನ್ನಡದಲ್ಲಿ ಓದಬಹುದು. ಇಲ್ಲೇ ಉಳಿದರೆ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೊಂದಿಕೊಳ್ಳಬೇಕು. ಇದನ್ನೆಲ್ಲ ನಾನು ವಿವರಿಸಲು ಶುರು ಮಾಡುವ ಮೊದಲೇ ಎರಡನೇ ಪ್ರಶ್ನೆ ಬಂದಿರುತ್ತದೆ.

"ದಿನಾ ಹೋಗಿ ಬರ್ಲಿಕ್ಕ ಕಿರಾಯ ಎಷ್ಟಾತದ್ರಿ?"

ಕಿರಾಯ ಅಂದರೆ ಬಸ್ ಚಾರ್ಜು. ನಮ್ಮ ಕಡೆ ಹಿರಿಯರು ಇವತ್ತಿಗೂ ಹಾಗೇ ಅನ್ನುವುದು. ನಿಜಾಮರ ಕಾಲದ ಉರ್ದು ನಮ್ಮ ಕನ್ನಡದೊಳಗೆ ಬಿಟ್ಟು ಹೋದ ಮಾತುಗಳಲ್ಲಿ ಇದೂ ಒಂದು. ಮೊದಲಿಗೆ ಈ ಎರಡನೇ ಪ್ರಶ್ನೆ ಕೇಳಿದಾಗ ನನಗೆ ಸ್ವಲ್ಪ ಬೇಸರವಾಗುತ್ತಿತ್ತು. ಮಗುವಿನ ಓದಿಗಿಂತ ಹತ್ತಿಪ್ಪತ್ತು ರೂಪಾಯಿ ಹೆಚ್ಚಾಯಿತೇ ಎಂದು. ಈಗ ಹಾಗೆ ಅನ್ನಿಸುವುದಿಲ್ಲ. ನಮ್ಮೂರುಗಳ ಎಪ್ಪತ್ತು ಎಂಬತ್ತು ವರ್ಷಗಳ ಚರಿತ್ರೆಯೇ ಆ ಪ್ರಶ್ನೆಯೊಳಗೆ ಇದೆ ಎಂದು ಈಗ ತಿಳಿದಿದೆ. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ.

ಒಂದೇ ಜಿಲ್ಲೆ, ಒಂದೇ ಬಸ್ಸು

ಹೊಸಬರಿಗೆ ಮೊದಲು ಒಂದು ವಿಷಯ ಹೇಳಬೇಕು. ಜಹೀರಾಬಾದ್ ಮತ್ತು ನಾರಾಯಣಖೇಡ 1956ರ ಅಕ್ಟೋಬರ್ 31ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲೂಕು, ಅದರ ಪಕ್ಕದ ಕೊಡಂಗಲ್ ಕೂಡ. ಅಂದರೆ ಬೀದರಿಗೆ, ಗುಲ್ಬರ್ಗಕ್ಕೆ ಹೋಗುವುದೆಂದರೆ ನಮ್ಮ ಹಿರಿಯರಿಗೆ ಪರ ರಾಜ್ಯಕ್ಕೆ ಹೋಗುವುದಲ್ಲ, ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗುವುದು. ಕೋರ್ಟು, ಕಚೇರಿ, ದವಾಖಾನೆ, ಬೀಗರ ಮನೆ ಎಲ್ಲ ಅಲ್ಲೇ.

ಹೈದರಾಬಾದ್ ಸಂಸ್ಥಾನದಲ್ಲಿ ರಸ್ತೆ ಸಾರಿಗೆ ಬಹಳ ಮೊದಲೇ ಸರ್ಕಾರದ ಕೈಗೆ ಬಂದಿತ್ತು. 1932ರಲ್ಲಿ ನಿಜಾಮ್ಸ್ ಸ್ಟೇಟ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. ಆಗ ಇದ್ದದ್ದು 27 ಬಸ್ಸು, 166 ನೌಕರರು. ದೇಶದಲ್ಲಿ ಸರ್ಕಾರವೇ ಪ್ರಯಾಣಿಕರ ಬಸ್ಸು ಓಡಿಸಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಇದರಲ್ಲಿ ಗಮನಿಸಬೇಕಾದದ್ದು ಏನೆಂದರೆ, ರೈಲೂ ಬಸ್ಸೂ ಒಂದೇ ಆಡಳಿತದ ಕೈಯಲ್ಲಿ ಇದ್ದವು.

ರೈಲು ಅದಕ್ಕೂ ಹಳೆಯದು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ದಾರಿ 1874ರಲ್ಲೇ ತೆರೆಯಿತು. ತಾಂಡೂರು ಆ ದಾರಿಯ ಮೇಲಿದೆ. ವಿಕಾರಾಬಾದಿನಿಂದ ಜಹೀರಾಬಾದ್ ಮೂಲಕ ಬೀದರಿಗೆ ಹೋಗುವ ರೈಲು 1930ರ ದಶಕದ ಹೊತ್ತಿಗೆ ಬಂತು. ನಾರಾಯಣಖೇಡಕ್ಕೆ ರೈಲು ಆಗಲೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಕಾಲದ ಕಿರಾಯ ಹಾಲಿ ಸಿಕ್ಕಾದಲ್ಲಿ. ಹಾಲಿ ಸಿಕ್ಕಾ ನಿಜಾಮರ ಸ್ವಂತ ನಾಣ್ಯ, ಬ್ರಿಟಿಷರ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಸುಮಾರು ಏಳು ಹಾಲಿ ರೂಪಾಯಿ ಆರು ಕಲ್ದಾರ್ ರೂಪಾಯಿಗೆ ಸಮ. ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುವವರಿಗೆ ಈ ಲೆಕ್ಕ ಬರಬೇಕಿತ್ತು. ಜಹೀರಾಬಾದಿನಿಂದ ಬೀದರಿಗೆ ಹೋಗುವವರಿಗೆ ಬೇಕಿರಲಿಲ್ಲ! ಎರಡೂ ಊರು ಒಂದೇ ಸಂಸ್ಥಾನ, ಒಂದೇ ನಾಣ್ಯ. ಕಿರಾಯ ದುಬಾರಿ ಎನ್ನಿಸಿದ್ದಿರಬಹುದು. ಆದರೆ ಅದು ಏರಿದರೆ ಎರಡೂ ಊರಿನವರಿಗೆ ಒಟ್ಟಿಗೇ ಏರುತ್ತಿತ್ತು.

1951ರ ನವೆಂಬರ್ 1ರಂದು ಬಸ್ಸುಗಳು ರೈಲ್ವೆಯಿಂದ ಬೇರೆಯಾಗಿ ಹೈದರಾಬಾದ್ ರಾಜ್ಯ ಸರ್ಕಾರದ ಇಲಾಖೆಗೆ ಬಂದವು. ಆಗಲೂ ಬೀದರ್, ಗುಲ್ಬರ್ಗ, ಮೆದಕ್ ಎಲ್ಲವೂ ಒಂದೇ ರಾಜ್ಯ.

ಗೆರೆ ಬಿದ್ದ ದಿನ

ಫಜಲ್ ಅಲಿಯವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕೊಟ್ಟ ವರದಿಯಲ್ಲಿ ತೆಲುಗು ಜಿಲ್ಲೆಗಳ ಜೊತೆ ಬೀದರ್ ಜಿಲ್ಲೆಯನ್ನೂ ಸೇರಿಸಿ ಹೈದರಾಬಾದ್ ರಾಜ್ಯವನ್ನು ಸದ್ಯಕ್ಕೆ ಉಳಿಸಿಕೊಳ್ಳಬೇಕೆಂಬ ಸಲಹೆ ಇತ್ತು. ಅದು ನಡೆಯಲಿಲ್ಲ. 1956ರ ಕಾಯ್ದೆಯಲ್ಲಿ ಬೀದರ್ ಜಿಲ್ಲೆ ಮೂರು ತುಂಡಾಯಿತು. ಅಹಮದ್‌ಪುರ, ನಿಲಂಗಾ, ಉದಗೀರ್ ಮುಂಬಯಿ ರಾಜ್ಯಕ್ಕೆ. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ. ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಪ್ರದೇಶಕ್ಕೆ.

ಇದರಲ್ಲೂ ಸೂಕ್ಷ್ಮ ಇದೆ. ಜಹೀರಾಬಾದ್ ತಾಲೂಕಿನಲ್ಲಿದ್ದ ನಿರ್ಣಾ ಸರ್ಕಲ್ ಮೈಸೂರಿಗೆ ಹೋಯಿತು, ಬೀದರ್ ತಾಲೂಕಿನಲ್ಲಿದ್ದ ನ್ಯಾಲಕಲ್ ಸರ್ಕಲ್ ಆಂಧ್ರಕ್ಕೆ ಬಂತು. ಹಳ್ಳಿಗಳ ಗುಂಪು ನೋಡಿ ಗೆರೆ ಎಳೆದರು. ಆ ಹಳ್ಳಿಯವರು ಯಾವ ಸಂತೆಗೆ ಹೋಗುತ್ತಾರೆ, ಯಾವ ಬಸ್ಸು ಹತ್ತುತ್ತಾರೆ ಎಂಬ ಲೆಕ್ಕ ಆ ಗೆರೆಯೊಳಗೆ ಬರಲಿಲ್ಲ. ನ್ಯಾಲಕಲ್ ಕಡೆಯ ಎಷ್ಟೋ ಹಳ್ಳಿಗಳಿಗೆ ಬೀದರೇ ಹತ್ತಿರದ ದೊಡ್ಡ ಊರು, ಇವತ್ತಿಗೂ.

ಇಲಾಖೆಯ ಬಸ್ಸುಗಳೂ ಪಾಲಾದವು. ಈಚೆ ಕಡೆ 1958ರ ಜನವರಿ 11ರಂದು ಆಂಧ್ರಪ್ರದೇಶದ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಆಚೆ ಕಡೆ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1961ರ ಆಗಸ್ಟ್ 1ರಂದು ನಿಗಮವಾಯಿತು. ಅದೇ ಮುಂದೆ ಕೆ.ಎಸ್.ಆರ್.ಟಿ.ಸಿ. 2000ದಲ್ಲಿ ಅದರಿಂದ ಈಶಾನ್ಯ ಸಾರಿಗೆ ಬೇರೆಯಾಯಿತು, 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಸಾರಿಗೆ ಎಂದಾಯಿತು. ಈಚೆ ಕಡೆ 2014ರಲ್ಲಿ ತೆಲಂಗಾಣ ಆದ ಮೇಲೆ ಇಲ್ಲಿನ ಸಂಸ್ಥೆಯೂ ಬೇರೆಯಾಯಿತು. ನಮ್ಮ ತಾಲೂಕುಗಳ ವಿಳಾಸವೂ ಬದಲಾಗುತ್ತಲೇ ಬಂತು. ಬೀದರ್ ಹೋಗಿ ಮೆದಕ್, ಮೆದಕ್ ಹೋಗಿ 2016ರಲ್ಲಿ ಸಂಗಾರೆಡ್ಡಿ. ತಾಂಡೂರಿನದು ಗುಲ್ಬರ್ಗ, ಹೈದರಾಬಾದ್, ರಂಗಾರೆಡ್ಡಿ, ಈಗ ವಿಕಾರಾಬಾದ್. ಒಂದೇ ಮನೆಯಲ್ಲಿ ಕೂತು ನಾಲ್ಕು ಜಿಲ್ಲೆ ನೋಡಿದ ಅಜ್ಜಂದಿರು ಇದ್ದಾರೆ.

ಜಹೀರಾಬಾದ್ ಬಸ್ ನಿಲ್ದಾಣದಲ್ಲಿ ನಿಂತರೆ ಈ ಚರಿತ್ರೆ ನಂಬರ್ ಪ್ಲೇಟಿನಲ್ಲೇ ಕಾಣುತ್ತದೆ. ಈಚೆಯ ಬಸ್ಸಿನ ನಂಬರಿನಲ್ಲಿ ಝಡ್ ಅಕ್ಷರ ಇರುತ್ತದೆ. ನಿಜಾಮರು ತಮ್ಮ ತಾಯಿಯ ಹೆಸರಿನ ನೆನಪಿಗೆ ಇಡಿಸಿದ್ದು ಎಂದು ಹೇಳುವುದುಂಟು. ಆಚೆಯ ಬೀದರ್ ಬಸ್ಸಿಗೆ ಕೆ.ಎ. 38, ಅದರ ಮುಂದೆ ಎಫ್. ಓದು ಬಾರದ ಅಜ್ಜಿಯಂದಿರು ಬಸ್ಸಿನ ಬಣ್ಣ ನೋಡಿ ಗುರುತು ಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ಪ್ರಯಾಣ, ಎರಡು ದರ

ಬಸ್ ಚಾರ್ಜು ನಿಗದಿ ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆಯಾ ರಾಜ್ಯ ಸರ್ಕಾರದ್ದು. ರಾಜ್ಯದಿಂದ ರಾಜ್ಯಕ್ಕೆ ಎಷ್ಟು ಬಸ್ಸು, ಎಷ್ಟು ಟ್ರಿಪ್ಪು ಎಂಬುದನ್ನು ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡು ತೀರ್ಮಾನಿಸಬೇಕು. ಹೀಗಾಗಿ ಜಹೀರಾಬಾದಿನಿಂದ ಬೀದರಿಗೆ ಇರುವ ಮೂವತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಗಡಿಯವರೆಗಿನ ದರ ಹೈದರಾಬಾದಿನಲ್ಲಿ ತೀರ್ಮಾನ, ಗಡಿಯಾಚೆಯ ದರ ಬೆಂಗಳೂರಿನಲ್ಲಿ ತೀರ್ಮಾನ. ಎರಡು ಕಡೆಯೂ ದರ ಏರುತ್ತದೆ, ಆದರೆ ಬೇರೆ ಬೇರೆ ವರ್ಷ, ಬೇರೆ ಬೇರೆ ಲೆಕ್ಕದಲ್ಲಿ. ಹೈದರಾಬಾದಿನವರು ಒಂದು ಏರಿಕೆ ನೋಡಿದರೆ ಗಡಿಯವರು ಎರಡು ಏರಿಕೆ ನೋಡುತ್ತಾರೆ.

ಇತ್ತೀಚಿನ ಹತ್ತು ವರ್ಷಗಳನ್ನೇ ನೋಡಿ.

2016ರ ಜೂನ್‌ನಲ್ಲಿ ತೆಲಂಗಾಣದಲ್ಲಿ ಚಾರ್ಜು ಏರಿತು. ಪಲ್ಲೆವೆಲುಗು ಬಸ್ಸಿಗೆ, ಅಂದರೆ ಹಳ್ಳಿಗೆ ಹೋಗುವ ಸಾದಾ ಬಸ್ಸಿಗೆ, ಮೂವತ್ತು ಕಿಲೋಮೀಟರ್‌ವರೆಗೆ ಒಂದು ರೂಪಾಯಿ, ಅದಕ್ಕಿಂತ ದೂರಕ್ಕೆ ಎರಡು ರೂಪಾಯಿ. ಇದನ್ನು ಜನ ಸಹಿಸಿಕೊಂಡರು.

2019ರದ್ದು ಬೇರೆಯೇ ಕಥೆ. ಅಕ್ಟೋಬರ್ 5ರಿಂದ ಸಾರಿಗೆ ನೌಕರರ ಮುಷ್ಕರ. ಸುಮಾರು 48 ಸಾವಿರ ನೌಕರರು, 52 ದಿನ. ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನ ಮಾಡಿ ಎಂಬುದು ಅವರ ಮುಖ್ಯ ಬೇಡಿಕೆ. ಬಸ್ಸಿಲ್ಲದ ಕಾರಣಕ್ಕೆ ಸರ್ಕಾರ ದಸರಾ ರಜೆಯನ್ನೇ ಅಕ್ಟೋಬರ್ 19ರವರೆಗೆ ಮುಂದುವರಿಸಿತು. ಆಟೋದವರು, ಜೀಪಿನವರು ಕೇಳಿದ್ದೇ ದರ. ಆ 52 ದಿನಗಳಲ್ಲಿ ನೌಕರರ ಮನೆಗಳಲ್ಲಿ ಆದ ಸಾವು ನೋವು ಸಣ್ಣದಲ್ಲ, ಅದನ್ನು ಮರೆತು ಚಾರ್ಜಿನ ಮಾತು ಆಡಬಾರದು. ಮುಷ್ಕರ ಮುಗಿದ ಕೂಡಲೇ, ಡಿಸೆಂಬರ್ ಮೊದಲ ವಾರದಲ್ಲಿ, ಎಲ್ಲ ಬಸ್ಸುಗಳಿಗೂ ಕಿಲೋಮೀಟರಿಗೆ 20 ಪೈಸೆ ಏರಿಸಿದರು.

ಎಲ್ಲರಿಗೂ 20 ಪೈಸೆ ಅಂದರೆ ಕೇಳಲು ಸಮಾನವಾಗಿದೆ. ಲೆಕ್ಕದ ಮಾಸ್ತರ್ ಬುದ್ಧಿ, ನಾನು ಕೂತು ಲೆಕ್ಕ ಹಾಕಿದೆ. ಪಲ್ಲೆವೆಲುಗು ದರ ಕಿಲೋಮೀಟರಿಗೆ 63 ಪೈಸೆ ಇದ್ದದ್ದು 83 ಪೈಸೆ ಆಯಿತು. ಅಂದರೆ ಶೇಕಡಾ 32ರಷ್ಟು ಏರಿಕೆ. ಎಕ್ಸ್‌ಪ್ರೆಸ್ 87 ಪೈಸೆ ಇದ್ದದ್ದು 107 ಆಯಿತು, ಶೇಕಡಾ 23. ಇನ್ನೂ ದುಬಾರಿಯ ಎ.ಸಿ. ಬಸ್ಸುಗಳಲ್ಲಿ ಶೇಕಡಾ ಲೆಕ್ಕ ಅದಕ್ಕೂ ಕಡಿಮೆ. ಬಸ್ಸು ಎಷ್ಟು ಸಾದಾ ಇದೆಯೋ ಅಷ್ಟು ಹೆಚ್ಚು ಪೆಟ್ಟು! ಮೂವತ್ತು ಕಿಲೋಮೀಟರಿಗೆ ಆರು ರೂಪಾಯಿ, ಹೋಗಿ ಬಂದರೆ ಹನ್ನೆರಡು, ತಿಂಗಳಿಗೆ 25 ದಿನ ಅಂದರೆ 300 ರೂಪಾಯಿ ಹೆಚ್ಚು. ಕೂಲಿಯಿಂದ ನಡೆಯುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಅದಾದ ಮೂರೇ ತಿಂಗಳಿಗೆ, 2020ರ ಫೆಬ್ರವರಿಯಲ್ಲಿ, ಆಚೆ ಕಡೆ ಕರ್ನಾಟಕದಲ್ಲಿ ಶೇಕಡಾ 12 ಏರಿತು. ಈಚೆ ಏರಿದ್ದಕ್ಕೆ ಹೊಂದಿಕೊಳ್ಳುವ ಮೊದಲೇ ಆಚೆಯದು. ಮುಂದೆ ಕೊರೋನಾ, ಬಸ್ಸೇ ಇಲ್ಲ. 2022ರ ಏಪ್ರಿಲ್‌ನಲ್ಲಿ ತೆಲಂಗಾಣದಲ್ಲಿ ಡೀಸೆಲ್ ಸೆಸ್ ಬಂತು. ಪಲ್ಲೆವೆಲುಗು ಟಿಕೆಟ್ಟಿಗೆ ಎರಡು ರೂಪಾಯಿ, ಎಕ್ಸ್‌ಪ್ರೆಸ್ಸಿಗೆ ಐದು ರೂಪಾಯಿ. ಐದು ಕಿಲೋಮೀಟರ್ ಹೋಗುವವನಿಗೂ ಅದೇ, ಐವತ್ತು ಹೋಗುವವನಿಗೂ ಅದೇ. ಇಲ್ಲೂ ಹತ್ತಿರದ ಪ್ರಯಾಣಿಕನಿಗೇ ಹೆಚ್ಚು ಭಾರ. 2025ರ ಜನವರಿ 5ರಿಂದ ಕರ್ನಾಟಕದಲ್ಲಿ ಮತ್ತೆ ಶೇಕಡಾ 15.

ಇನ್ನೊಂದು ವಿಷಯ ನಗರದವರಿಗೆ ಗೊತ್ತಾಗುವುದಿಲ್ಲ. ನೇರ ಬಸ್ಸು ಸಿಗದಿದ್ದರೆ ಗಡಿಯ ಹಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಆಗ ಕನಿಷ್ಠ ದರ ಎರಡು ಸಲ. ಎರಡೂ ಸಿಗದಿದ್ದರೆ ಟಂಟಂ. ಅದರ ಕಿರಾಯಕ್ಕೆ ಯಾವ ಸರ್ಕಾರದ ಆದೇಶವೂ ತಾಗುವುದಿಲ್ಲ.

ಸರ್ಕಾರಿ ಬಸ್ಸಿನ ದರ ಏರಲೇಬಾರದು ಎಂದು ನಾನು ಹೇಳುತ್ತಿಲ್ಲ. ಡೀಸೆಲ್ ಏರುತ್ತದೆ, ಬಿಡಿಭಾಗ ಏರುತ್ತದೆ, ಕಂಡಕ್ಟರ್ ಡ್ರೈವರುಗಳಿಗೂ ಸಂಸಾರ ಇದೆ. ನಾಲ್ಕು ಜನ ಹತ್ತಿದರೂ ಹಳ್ಳಿಗೆ ಬಸ್ಸು ಹೋಗಬೇಕು. ಆ ನಷ್ಟವನ್ನು ಯಾರು ತುಂಬಬೇಕು, ಮತ್ತು ಗಡಿಯವರೇ ಎರಡು ಸಲ ಯಾಕೆ ತುಂಬಬೇಕು, ಇಷ್ಟೇ ನನ್ನ ಪ್ರಶ್ನೆ.

ರೈಲಿಗೆ ಗಡಿ ಇಲ್ಲ

ತಾಂಡೂರಿನವರಿಗೆ ಒಂದು ಅನುಕೂಲ ಇತ್ತು. ತಾಂಡೂರಿನಿಂದ ಸೇಡಂ, ಚಿತ್ತಾಪುರ, ವಾಡಿಗೆ ಪ್ಯಾಸೆಂಜರ್ ರೈಲು. ರೈಲಿನ ದರ ನಿಗದಿ ಮಾಡುವುದು ಕೇಂದ್ರ. ಹೀಗಾಗಿ ತಾಂಡೂರಿಗೂ ಸೇಡಂಗೂ ನಡುವೆ ರಾಜ್ಯ ಬದಲಾದರೂ ಟಿಕೆಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ ಹತ್ತು ರೂಪಾಯಿ. ಕಲ್ಲಿನ ಕೆಲಸದವರು, ತೊಗರಿ ವ್ಯಾಪಾರದವರು, ಬೀಗರ ಮನೆಗೆ ಹೋಗುವವರು ಇದನ್ನೇ ನಂಬಿದ್ದರು.

ಕೊರೋನಾ ನಂತರ ದೇಶದೆಲ್ಲೆಡೆ ಪ್ಯಾಸೆಂಜರ್ ಗಾಡಿಗಳನ್ನು ಸ್ಪೆಷಲ್, ಎಕ್ಸ್‌ಪ್ರೆಸ್ ಎಂದು ಕರೆದು ಓಡಿಸಿದರು. ಅದೇ ಸ್ಟೇಷನ್ನುಗಳಲ್ಲಿ ನಿಲ್ಲುವ ಗಾಡಿಗೆ ಕನಿಷ್ಠ ದರ ಹತ್ತರ ಬದಲು ಮೂವತ್ತು. ಒಂದು ಸ್ಟೇಷನ್ ಆಚೆ ಇಳಿಯುವವನಿಗೂ ಮೂವತ್ತು. ಹಳೆಯ ದರ ತಿರುಗಿ ಬಂದದ್ದು 2024ರ ಫೆಬ್ರವರಿ ಕೊನೆಗೆ. ಮೂರು ವರ್ಷಕ್ಕೂ ಮೀರಿ ಮೂರು ಪಟ್ಟು ಕೊಟ್ಟರು ಸಣ್ಣ ದೂರದ ಜನ. ದೊಡ್ಡ ಗಲಾಟೆಯೇನೂ ಆಗಲಿಲ್ಲ. ಬಡವರ ಗಾಡಿಯ ಸುದ್ದಿ ಹಾಗೇ ಅಲ್ಲವೇ...

ಜಹೀರಾಬಾದಿನವರಿಗೆ ರೈಲಿದೆ, ಆದರೆ ಕಾಲೇಜಿನ ಹೊತ್ತಿಗೆ, ಕಚೇರಿಯ ಹೊತ್ತಿಗೆ ಹೊಂದುವಷ್ಟು ಗಾಡಿಗಳಿಲ್ಲ. ನಾರಾಯಣಖೇಡದವರಿಗೆ ಅದೂ ಇಲ್ಲ. ನೆನಪಿಡಿ ಎಂದಿದ್ದೆನಲ್ಲ, ಇದಕ್ಕೇ. ಬಸ್ ಚಾರ್ಜು ಏರಿದ ದಿನ ತಾಂಡೂರಿನವರು ರೈಲಿನ ವೇಳೆ ಕೇಳುತ್ತಾರೆ, ಜಹೀರಾಬಾದಿನವರು ಹೆದ್ದಾರಿಗೆ ಬಂದು ಯಾವುದಾದರೂ ಗಾಡಿಗೆ ಕೈ ಮಾಡುತ್ತಾರೆ, ನಾರಾಯಣಖೇಡದವರು ಚಿಲ್ಲರೆ ಎಣಿಸುತ್ತಾರೆ.

ಸೊನ್ನೆ ಟಿಕೆಟ್ಟು ನಿಲ್ಲುವ ಜಾಗ

2023ರಲ್ಲಿ ಎರಡೂ ಕಡೆ ದೊಡ್ಡ ಬದಲಾವಣೆ ಆಯಿತು. ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ, ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆ. ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ, ಇಲ್ಲಿ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್‌ನಲ್ಲಿ, ಉಚಿತ. ಕಂಡಕ್ಟರ್ ಸೊನ್ನೆ ಟಿಕೆಟ್ ಕೊಡುತ್ತಾನೆ, ಆ ಲೆಕ್ಕದ ಮೇಲೆ ಸರ್ಕಾರ ಸಂಸ್ಥೆಗೆ ದುಡ್ಡು ಕೊಡುತ್ತದೆ.

ಇದರಿಂದ ಆದ ಒಳ್ಳೆಯದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಅಣ್ಣನಿಗೆ ಕಿರಾಯ ಕೊಟ್ಟು ತಂಗಿಯನ್ನು ಮನೆಯಲ್ಲಿ ಉಳಿಸುತ್ತಿದ್ದ ತಂದೆಯರು ಈಗ ತಂಗಿಯನ್ನೂ ಕಳಿಸುತ್ತಾರೆ. ಇದು ಸಣ್ಣ ಮಾತಲ್ಲ.

ಆದರೆ ಗಡಿ? ಎರಡೂ ಯೋಜನೆ ಆಯಾ ರಾಜ್ಯದ ನಿವಾಸಿಗಳಿಗೆ, ಆಯಾ ರಾಜ್ಯದೊಳಗೆ. ತೆಲಂಗಾಣದ ಬಸ್ಸು ಬೇರೆ ರಾಜ್ಯಕ್ಕೆ ಹೋಗುವುದಾದರೆ ಗಡಿಯವರೆಗೆ ಉಚಿತ, ಅಲ್ಲಿಂದ ಮುಂದೆ ಟಿಕೆಟ್. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು ಬೀದರ್ ಕಡೆಯಿಂದಲೇ ಹೆಚ್ಚು. ಬೀದರಿನ ತಾಯಿಗೆ ಬೆಂಗಳೂರಿನವರೆಗೆ ಉಚಿತ. ಜಹೀರಾಬಾದಿಗೆ ಕೊಟ್ಟ ಮಗಳಿಗೆ ಇಲ್ಲಿಂದ ಆದಿಲಾಬಾದಿನವರೆಗೆ ಉಚಿತ. ಒಬ್ಬರನ್ನೊಬ್ಬರು ನೋಡಲು ಮೂವತ್ತು ಕಿಲೋಮೀಟರ್ ಹೋಗಬೇಕೆಂದರೆ ಇಬ್ಬರಿಗೂ ಟಿಕೆಟ್!

ಇದು ನಮ್ಮೊಬ್ಬರ ಕಥೆಯಲ್ಲ. 1956ರಲ್ಲೇ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೂ ಮಂಗಳೂರಿನ ದಾರಿಯಲ್ಲಿ ತಲಪಾಡಿಯ ಗಡಿ ಇದ್ದೇ ಇದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹುಡುಗಿಯನ್ನು ಬೀದರಿಗೆ ಹಾಕುವುದೋ, ಇಲ್ಲೇ ಹಾಕುವುದೋ? ಜಹೀರಾಬಾದಿಗೆ, ಸಂಗಾರೆಡ್ಡಿಗೆ ಸೊನ್ನೆ ಟಿಕೆಟ್. ಬೀದರಿಗೆ ದುಡ್ಡು. ರಿಯಾಯಿತಿ ಪಾಸಿನ ವಿಚಾರಕ್ಕೂ ಯಾವ ರಾಜ್ಯದ ಮಗು, ಯಾವ ರಾಜ್ಯದ ಕಾಲೇಜು, ಯಾವ ರಾಜ್ಯದ ಬಸ್ಸು ಎಂದು ಮೂರು ಪ್ರಶ್ನೆ ಏಳುತ್ತವೆ. ತಂದೆ ಲೆಕ್ಕ ಹಾಕುತ್ತಾನೆ, ಲೆಕ್ಕ ಸಂಗಾರೆಡ್ಡಿಯ ಕಡೆ ವಾಲುತ್ತದೆ. ಯಾರೂ ಕನ್ನಡ ಬಿಡಿ ಎಂದು ಹೇಳಲಿಲ್ಲ, ಯಾವ ಕಾನೂನೂ ಬರಲಿಲ್ಲ. ಬಸ್ಸಿನ ಟಿಕೆಟ್ಟೇ ಸಾಕಾಯಿತು.

1956ರ ಗೆರೆ ಬಿದ್ದ ಮೇಲೂ ಬಹಳ ಕಾಲ ನಮ್ಮವರು ಬೀದರಿಗೆ ಹೋಗುತ್ತಲೇ ಇದ್ದರು. ಆಗ ಗೆರೆ ಕಂದಾಯದ ಕಾಗದದ ಮೇಲಿತ್ತು. ಈಗ ಅದು ಕಂಡಕ್ಟರನ ಮೆಷಿನ್ನಿನೊಳಗೆ ಬಂದಿದೆ. ಸಂತೆ, ದವಾಖಾನೆ, ಕಾಲೇಜು ಯಾವ ಕಡೆ ಎಂಬುದನ್ನು ಈಗ ತೀರ್ಮಾನಿಸುತ್ತಿರುವುದು ದೂರವಲ್ಲ, ನೆಂಟಸ್ತಿಕೆಯಲ್ಲ, ಕಿರಾಯ.

ಆಗಬಹುದಾದದ್ದು

ಇದಕ್ಕೆ ದೊಡ್ಡ ಪರಿಹಾರವೇನೂ ಬೇಕಿಲ್ಲ. ಎಷ್ಟು ಬಸ್ಸು, ಎಷ್ಟು ಕಿಲೋಮೀಟರ್ ಎಂದು ಎರಡು ರಾಜ್ಯಗಳು ಈಗಲೂ ಒಪ್ಪಂದ ಮಾಡಿಕೊಳ್ಳುತ್ತವೆ. ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಬಹುದು. ಗಡಿಯ ಎರಡೂ ಬದಿಗೆ ಮೂವತ್ತು ನಲವತ್ತು ಕಿಲೋಮೀಟರ್ ಒಳಗಿನ ಮಕ್ಕಳ ಪಾಸನ್ನು, ಹೆಣ್ಣುಮಕ್ಕಳ ಸೊನ್ನೆ ಟಿಕೆಟ್ಟನ್ನು ಪರಸ್ಪರ ಒಪ್ಪಿಕೊಳ್ಳುವುದು. ಟಿಕೆಟ್ ಮೆಷಿನ್ನಿನಲ್ಲಿ ಪ್ರತಿ ಸೊನ್ನೆ ಟಿಕೆಟ್ಟಿನ ಲೆಕ್ಕವೂ ಇರುತ್ತದೆ. ವರ್ಷಕ್ಕೊಮ್ಮೆ ಕೂತು ಕೊಡುವುದು ಕೊಟ್ಟು, ತೆಗೆದುಕೊಳ್ಳುವುದು ತೆಗೆದುಕೊಂಡರೆ ಮುಗಿಯಿತು. ಈ ಜಿಲ್ಲೆಗಳೆಲ್ಲ ಒಂದೇ ಇಲಾಖೆಯ ಬಸ್ಸಿನಲ್ಲಿ ಓಡಾಡಿದ ಊರುಗಳು. ಹೊಸದೇನನ್ನೂ ಕೇಳುತ್ತಿಲ್ಲ, 1956ರವರೆಗೆ ಇದ್ದದ್ದರಲ್ಲಿ ಸ್ವಲ್ಪ ಕೇಳುತ್ತಿದ್ದೇವೆ.

ಅಲ್ಲಿಯವರೆಗೆ ಶಾಲೆಗೆ ಬಂದ ತಂದೆಗೆ ನಾನು ಏನು ಹೇಳಲಿ? ಮೊನ್ನೆ ಒಬ್ಬರು ಬಂದಿದ್ದರು. ಕಾಲೇಜಿನ ವಿಷಯ ಮಾತಾಡುವ ಮೊದಲು ಒಂದು ಕಾಗದ ತೆಗೆದು ಇಬ್ಬರೂ ಕೂತು ಕಿರಾಯದ ಲೆಕ್ಕ ಹಾಕಿದೆವು. ಗಡಿಯವರೆಗೆ ಸೊನ್ನೆ, ಗಡಿಯಿಂದ ಮುಂದೆ ಇಷ್ಟು, ತಿಂಗಳಿಗೆ ಇಷ್ಟು. ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಮನ್ಯಾಗ ಕೇಳಿ ಹೇಳ್ತೀನ್ರಿ ಸರ್" ಅಂದರು.

ಇನ್ನೂ ಬಂದಿಲ್ಲ. ಟಿ.ಸಿ. ಬರೆದು ಇಟ್ಟಿದ್ದೇನೆ.